ಎಂಜಲಾಗದ ಖಿಚಡಿ

ಮಲಾಡಿನ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ವರ್ಷಾನುಗಟ್ಟಲೆ ಮಧ್ಯಾಹ್ನದ ಖಿಚಡಿ ಬೇಯಿಸಿ ಕಳಿಸಿದವಳು ಹನುಮವ್ವ. ಅಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಅದರ ರುಚಿ ನೋಡಲಿಲ್ಲ. ಅವಳ ಕಾಂಟ್ರ್ಯಾಕ್ಟ್ ಹೋದದ್ದು ಖಿಚಡಿ ಕೆಟ್ಟಿತ್ತು ಎಂದಲ್ಲ, ರುಚಿ ನೋಡಲಿಲ್ಲ ಎಂದು. ಇದನ್ನು ಯಾರಿಗೆ ಹೇಳಿದರೂ ಅರ್ಧ ಕೇಳಿ, ಹಾಗಾದರೆ ತಪ್ಪು ಅವಳದ್ದೇ ಅಲ್ಲವಾ ಎನ್ನುತ್ತಾರೆ. ಇನ್ನರ್ಧ ಕೇಳುವ ವ್ಯವಧಾನ ಇದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ವಿನೋದಿನಿ, ಅದೇ ಶಾಲೆಯ ಟೀಚರ್. ಹುಟ್ಟಿದ್ದು ಉಡುಪಿಯ ಕಡೆ, ಮನೆಮಾತು ತುಳು, ಬಾಯಿ ಸ್ವಲ್ಪ ಜೋರು. ಈ ವರ್ಷ ನಿವೃತ್ತಿ. ಮುಂಬೈಯಲ್ಲಿ ಕನ್ನಡ ಶಾಲೆ ಇನ್ನೂ ಇದೆಯಾ ಎಂದು ಊರಿನವರು ಬೆರಗಾಗುತ್ತಾರೆ. ಇದೆ. ಹೋಟೆಲಿನವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗಿ ಯಾವ ಕಾಲವಾಯಿತು. ನಮ್ಮಲ್ಲಿ ಉಳಿದವರು ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರ ಮಕ್ಕಳು. ಅವು ಕನ್ನಡ ಓದುತ್ತವೆ, ಹಿಂದಿಯಲ್ಲಿ ಜಗಳವಾಡುತ್ತವೆ, ಮಧ್ಯಾಹ್ನವಾದರೆ ಖಿಚಡಿಯ ದಾರಿ ಕಾಯುತ್ತವೆ.

ಹನುಮವ್ವ ಯಾದಗಿರಿ ಜಿಲ್ಲೆಯವಳು. ಮದುವೆಯಾದ ವರ್ಷವೇ ಗಂಡ ಸಾಯಬಣ್ಣನ ಹಿಂದೆ ಮುಂಬೈಗೆ ಬಂದಳು. ಅವನದು ಸೆಂಟ್ರಿಂಗ್ ಕೆಲಸ. ಸ್ಲ್ಯಾಬ್ ಹಾಕುವ ಮೊದಲು ಹಲಗೆ, ಅದಕ್ಕೆ ಆನಿಸುವ ಬಲ್ಲಿ ಎಂಬ ಮರದ ಕಂಬ ಕಟ್ಟುವುದು. ಮಲಾಡಿನಲ್ಲಿ ಇಂದು ಇಪ್ಪತ್ತು, ಮೂವತ್ತು ಮಾಳಿಗೆ ನಿಂತಿರುವ ಎಷ್ಟೋ ಬಿಲ್ಡಿಂಗುಗಳ ಬುಡದಲ್ಲಿ ಅವರು ತಗಡಿನ ಶೆಡ್ ಹಾಕಿಕೊಂಡು ಬಾಳಿದ್ದಾರೆ. ಬಿಲ್ಡಿಂಗ್ ಮುಗಿದಾಗ ಶೆಡ್ ಬಿಚ್ಚಿ ಪಕ್ಕದ ಬಿಲ್ಡಿಂಗಿಗೆ ಹೋಗುವುದು. ಹನುಮವ್ವ ಮೊದಲು ತಲೆಯ ಮೇಲೆ ಕಲಸಿದ ಸಿಮೆಂಟಿನ ಮಾಲು ಹೊತ್ತಳು. ಆಮೇಲೆ ಅವಳ ಕೈ ಅಡಿಗೆ ಚೆನ್ನಾಗಿದೆ ಎಂದು ಕೆಲಸದವರ ಮೇಸ್ತ್ರಿ ಮುಕಾದಮ ಅವಳನ್ನು ಇಡೀ ಗ್ಯಾಂಗಿಗೆ ರೊಟ್ಟಿ ಬಡಿಯಲು ಕೂರಿಸಿದ. ಗುಡ್ಡದ ಬದಿಯ ಜೋಪಡಿಗಳ ವಸ್ತಿಯಲ್ಲಿ ಒಂದು ಕೋಣೆಯ ಖೋಲಿ ಹಿಡಿದದ್ದು, ನೆಲೆ ನಿಂತದ್ದು ಇದಾದ ಮೇಲೆ.

ಬಚತ್ ಗಟ್ ಮಾಡಿಸಿದವಳು ಸ್ನೇಹಲ್ ಎಂಬ ಮರಾಠಿ ಹುಡುಗಿ. ನಮ್ಮ ಊರ ಕಡೆ ಸ್ವಸಹಾಯ ಸಂಘ ಎನ್ನುತ್ತಾರಲ್ಲ, ಅದೇ ಇಲ್ಲಿ ಗಟ್. ವಸ್ತಿಗಳಲ್ಲಿ ಹೆಂಗಸರನ್ನು ಕೂಡಿಸುವುದು ಅವಳ ನೌಕರಿ. ಸರಕಾರ ಸಣ್ಣವರಿಗೆಂದು, ಹೆಂಗಸರಿಗೆಂದು, ಹಿಂದುಳಿದವರಿಗೆಂದು ಕೆಲವು ಕೆಲಸಗಳನ್ನು ತೆಗೆದಿಡುತ್ತದೆ, ಕೇಳಿದವರಿಗೆ ಮಾತ್ರ ಸಿಗುತ್ತದೆ ಎಂದು ಅವಳು ಮನೆಮನೆ ತಿರುಗಿ ಹೇಳಿದಳು. ಮೊದಲು ಅವಳು ಪರಿಶಿಷ್ಟ ಜಾತಿಯ ಉದ್ಯಮಿಗಳ ಕೋಟಾದಲ್ಲಿ ಹಾಕಿಸಲು ನೋಡಿದಳು. ಹನುಮವ್ವನ ಜಾತಿಯ ದಾಖಲೆ ಕರ್ನಾಟಕದ್ದು, ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲ ಎಂದು ಕೌಂಟರಿನಿಂದಲೇ ವಾಪಸು ಕಳಿಸಿದರು. ಗಡಿ ದಾಟಿದರೆ ಸರಕಾರದ ಲೆಕ್ಕದಲ್ಲಿ ಜಾತಿ ಹೋಗುತ್ತದೆ. ಜನರ ಲೆಕ್ಕದಲ್ಲಿ ಹೋಗುವುದಿಲ್ಲ ಎಂಬುದನ್ನು ನಾನು ನಮ್ಮ ಶಾಲೆಯಲ್ಲೇ ನೋಡಿದ್ದೇನೆ, ಮುಂದೆ ಹೇಳುತ್ತೇನೆ.

ಕೊನೆಗೆ ಹೆಂಗಸರ ಗಟ್ಟುಗಳಿಗೆ ಮೀಸಲಿದ್ದ ಶಾಲೆಯ ಊಟದ ಕೆಲಸ ಸಿಕ್ಕಿತು. ವಸ್ತಿಯ ಹತ್ತು ಹೆಂಗಸರು ಸೇರಿ 'ಶರಣು ಮಹಿಳಾ ಬಚತ್ ಗಟ್' ಆದರು. ಹನುಮವ್ವ ಅಧ್ಯಕ್ಷೆ, ಪಕ್ಕದ ಖೋಲಿಯ ನಾಗರತ್ನಾ ಕಾರ್ಯದರ್ಶಿ. ಸಹಿ ಮಾಡಲು ಹನುಮವ್ವನಿಗೆ ಕಲಿಸಿದವಳು ನಾನು. 'ಹ'ದ ತಲೆಕಟ್ಟು ಅವಳಿಗೆ ಕೊನೆಯವರೆಗೂ ಸರಿಯಾಗಲಿಲ್ಲ. ಎರಡು ಖೋಲಿ ಬಾಡಿಗೆಗೆ ಹಿಡಿದು ಅಡಿಗೆಮನೆ ಮಾಡಿದರು. ಬೆಳಕು ಹರಿಯುವ ಮೊದಲೇ ಒಲೆ ಹಚ್ಚುತ್ತಿದ್ದರು. ಹೊತ್ತಿಗೆ ಸರಿಯಾಗಿ ದೊಡ್ಡ ಡಬರಿಗಳು ಟೆಂಪೋದಲ್ಲಿ ಶಾಲೆಗೆ ಬರುತ್ತಿದ್ದವು. ಅವರ ಮಕ್ಕಳೇ ಅದನ್ನು ಉಣ್ಣುತ್ತಿದ್ದದ್ದು. ನಾಗರತ್ನಾಳ ಮಗಳು ಯಕ್ಷಿತಾ ನನ್ನದೇ ತರಗತಿಯವಳು.

ಒಂದು ವರ್ಷ ಮಾಟುಂಗದ ನಮ್ಮ ಕನ್ನಡ ಸಂಘದವರು ಹನುಮವ್ವನನ್ನು ಕರೆದು ಶಾಲು ಹೊದಿಸಿದರು. ಮಹಿಳಾ ಉದ್ಯಮಿ ಎಂದು ಬೋರ್ಡು ಹಾಕಿದ್ದರು. ಅಧ್ಯಕ್ಷರು ಅರ್ಧ ಗಂಟೆ ಭಾಷಣ ಮಾಡಿ, ನೀವೂ ಎರಡು ಮಾತಾಡಿ ಅಂತ ಮೈಕು ಕೊಟ್ಟರು. ಹನುಮವ್ವ, "ನಾವ ಅಡಿಗಿ ಮಾಡ್ತೀವ್ರಿ. ಹುಡುಗ್ರು ಉಣತಾವ್ರಿ. ಇಷ್ಟರಿ," ಎಂದು ಮೈಕು ವಾಪಸು ಕೊಟ್ಟಳು. ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಇನ್ನು ರುಚಿಯ ವಿಷಯ. ನಿಯಮದ ಪ್ರಕಾರ ಊಟ ಬಡಿಸುವ ಅರ್ಧ ಗಂಟೆ ಮೊದಲು ಅಡಿಗೆಯವರು ಒಬ್ಬರು, ಶಾಲೆಯ ಮುಖ್ಯಸ್ಥರು ಒಬ್ಬರು ತಿಂದು ನೋಡಿ, 'ಚವ ಘೇತಲಿ', ಅಂದರೆ ರುಚಿ ನೋಡಿದೆ, ಎಂದು ಛಾಪಿಸಿದ ಪುಸ್ತಕದಲ್ಲಿ ಸಹಿ ಹಾಕಬೇಕು. ಒಳ್ಳೆಯ ನಿಯಮವೇ. ಆದರೆ ಹನುಮವ್ವನಿಗೆ ಅದು ತಲೆಗೆ ಹೋಗಲಿಲ್ಲ. ಇನ್ನೊಬ್ಬರಿಗೆ ಮಾಡಿದ ಅಡಿಗೆಯನ್ನು ತಾನು ಮೊದಲು ಬಾಯಿಗೆ ಹಾಕಿದರೆ ಅದು ಎಂಜಲು. ನಮ್ಮಮ್ಮನೂ ಹಾಗೇ ಇದ್ದರು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾವು ಎಲೆಯ ಮುಂದೆ ಕೂತ ಮೇಲೆಯೇ ಗೊತ್ತಾಗುತ್ತಿತ್ತು. ಹನುಮವ್ವ ಮೂಸಿ ನೋಡುತ್ತಿದ್ದಳು, ಒಂದು ಕಾಳು ಹಿಚುಕಿ ನೋಡುತ್ತಿದ್ದಳು, ಅಷ್ಟೇ. ಮಕ್ಕಳದ್ದೆಲ್ಲ ಮುಗಿದ ಮೇಲೆ ಡಬರಿಯ ತಳದಲ್ಲಿ ಉಳಿದದ್ದು ಅವಳ ಊಟ. ಸಹಿ ಮಾತ್ರ ದಿನಾ ಹಾಕುತ್ತಿದ್ದಳು, ಹಾಕು ಎಂದಿದ್ದರಲ್ಲ, ಅದಕ್ಕೆ.

ಇನ್ನೊಂದು ಸಹಿ ನಮ್ಮ ಹೆಡ್‌ಮಾಸ್ತರರದ್ದು, ರಮಾನಾಥ ಮಾಸ್ತರರದ್ದು. ಅವರೂ ಖಿಚಡಿ ಮುಟ್ಟಿದವರಲ್ಲ. ಅವರಿಗೆ ಗ್ಯಾಸ್ಟ್ರಿಕ್ ಅಂತೆ. ಅದೇ ಗ್ಯಾಸ್ಟ್ರಿಕ್ಕಿನ ಮನುಷ್ಯ ಮಾಟುಂಗದ ಹೋಟೆಲಿನಲ್ಲಿ ಬಟಾಟೆವಡೆಯ ಮೇಲೆ ಬಟಾಟೆವಡೆ ತಿನ್ನುವುದನ್ನು ನಾನು ಕಂಡಿದ್ದೇನೆ. ಯಾರ ಮನೆಯ ಅಡಿಗೆ, ಯಾರು ಬಡಿಸಿದ್ದು ಎಂದು ಕೇಳಿಯೇ ನೀರು ಕುಡಿಯುವ ಜಾತಿಯ ಮನುಷ್ಯ ಅವರು. ಒಬ್ಬಳು ಮಕ್ಕಳ ಮೇಲಿನ ಭಕ್ತಿಗೆ ತಿನ್ನಲಿಲ್ಲ, ಇನ್ನೊಬ್ಬರು ಅವಳ ಮೇಲಿನ ಹೇಸಿಗೆಗೆ ತಿನ್ನಲಿಲ್ಲ. ಪುಸ್ತಕದಲ್ಲಿ ಇಬ್ಬರ ಸಹಿಯೂ ಅಕ್ಕಪಕ್ಕ ಇರುತ್ತಿತ್ತು.

ಕಾಂಟ್ರ್ಯಾಕ್ಟ್ ಹೋದ ವರ್ಷ ಮಳೆಗಾಲದಲ್ಲಿ ಹೊಸ ಟೆಂಡರ್ ಬರುವುದಿತ್ತು. ನಮ್ಮದರ ಜೊತೆ ಹತ್ತಿರದ ಇನ್ನೂ ನಾಲ್ಕು ಶಾಲೆಗಳ ಊಟ ಒಟ್ಟಿಗೆ ಕೊಡುತ್ತಾರೆ ಎಂದು ಸ್ನೇಹಲ್ ಸುದ್ದಿ ತಂದಳು. ಸಿಕ್ಕಿದರೆ ಹತ್ತು ಹೆಂಗಸರ ಜಾಗದಲ್ಲಿ ನಲವತ್ತು ಹೆಂಗಸರಿಗೆ ಕೆಲಸ. ಸಿಗದಿದ್ದರೆ ಇದ್ದ ಒಂದು ಶಾಲೆಯೂ ಹೋಗುತ್ತದೆ, ಏಕೆಂದರೆ ದೊಡ್ಡ ಕಂಪನಿಯೊಂದು ಎಲ್ಲ ಶಾಲೆಗಳ ಮೇಲೆ ಕಣ್ಣು ಹಾಕಿ ಕೂತಿತ್ತು. ಹೆಂಗಸರ ಗಟ್ಟಿಗೆ ಮೊದಲ ಹಕ್ಕು, ಆದರೆ ಹೆಸರಿನ ಮೇಲೆ ಒಂದು ಕಲೆಯೂ ಇರಬಾರದು ಎಂದು ಸ್ನೇಹಲ್ ಒತ್ತಿ ಒತ್ತಿ ಹೇಳಿದಳು. ಹನುಮವ್ವ ಆ ವಾರ ಡಬರಿಗಳನ್ನು ತಾನೇ ತಿಕ್ಕಿದಳು, ಉಳಿದವರು ತಿಕ್ಕಿದ್ದು ಅವಳಿಗೆ ಸಮಾಧಾನ ಕೊಡಲಿಲ್ಲ.

ಜೋರು ಮಳೆಗೆ ರಜೆ ಕೊಟ್ಟು ಶಾಲೆ ಮತ್ತೆ ತೆರೆದ ದಿನ ಅದು. ಮಕ್ಕಳು ಖಿಚಡಿ ತಿಂದು ನಲ್ಲಿಯಲ್ಲಿ ನೀರು ಕುಡಿದು ಬಂದರು. ಕೊನೆಯ ಪೀರಿಯಡ್ಡಿನ ಹೊತ್ತಿಗೆ ಒಂದು ಮಗು ವಾಂತಿ ಮಾಡಿತು. ಅದರ ಹಿಂದೆ ಇನ್ನೊಂದು. ಸ್ವಲ್ಪ ಹೊತ್ತಿನಲ್ಲಿ ವರಾಂಡದ ತುಂಬ ಮಕ್ಕಳು ಹೊಟ್ಟೆ ಹಿಡಿದುಕೊಂಡು ಕೂತಿದ್ದವು. ಸಿಕ್ಕ ಸಿಕ್ಕ ರಿಕ್ಷಾದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಹೆಚ್ಚಿನವರನ್ನು ರಾತ್ರಿಯೊಳಗೆ ಮನೆಗೆ ಕಳಿಸಿದರು. ಯಕ್ಷಿತಾ ಮಾತ್ರ ಕಣ್ಣು ಬಿಡಲಿಲ್ಲ, ಸಲೈನ್ ಹಚ್ಚಿದರು.

ಹನುಮವ್ವ ಆಸ್ಪತ್ರೆಗೆ ಓಡಿ ಬಂದಳು. ಕೈಯಲ್ಲಿ ಇನ್ನೂ ಪಾತ್ರೆ ತಿಕ್ಕಿದ ಬೂದಿ. ವಾರ್ಡಿನ ಬಾಗಿಲಲ್ಲಿ ನಾಗರತ್ನಾ ಅವಳನ್ನು ತಡೆದು, "ಏನ ಹಾಕಿದ್ದೆವ್ವಾ ಅದರಾಗ?" ಎಂದು ಕೇಳಿದಳು. ಆ ಖಿಚಡಿಗೆ ಉಳ್ಳಾಗಡ್ಡಿ ಹೆಚ್ಚಿದವಳು ನಾಗರತ್ನಾಳೇ, ಒಗ್ಗರಣೆ ಕೊಟ್ಟವಳೂ ಅವಳೇ. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮಗಳ ಕಾಲು ತಣ್ಣಗಾಗಿತ್ತು, ಯಾರನ್ನಾದರೂ ಕೇಳಬೇಕಿತ್ತು. ಹನುಮವ್ವ ಮೆಟ್ಟಿಲ ಮೇಲೆ ಕೂತಳು. ಮಗು ನೀರು ಕೇಳಿತು ಎಂದು ಯಾರೋ ಬಂದು ಹೇಳುವವರೆಗೂ ಕೂತಿದ್ದಳು, ಹೇಳಿದ ಮೇಲೆ ಒಳಗೆ ಹೋಗದೆ ಎದ್ದು ಮನೆಗೆ ಹೋದಳು.

ವಿಚಾರಣೆ ಹೆಡ್‌ಮಾಸ್ತರರ ಕೋಣೆಯಲ್ಲೇ ನಡೆಯಿತು. ಕಚೇರಿಯಿಂದ ಬಂದ ಸಾಹೇಬರು ಕೆಟ್ಟವರಲ್ಲ. ಹನುಮವ್ವನಿಗೆ ಕುರ್ಚಿ ಕೊಡಿಸಿದರು, ಅವಳು ಕೂರಲಿಲ್ಲ. ಖಿಚಡಿಯನ್ನೂ ನೀರನ್ನೂ ಪರೀಕ್ಷೆಗೆ ಕಳಿಸಿಯಾಗಿತ್ತು. ಆ ದಿನ ಮಕ್ಕಳ ಪಾಲಕರ ಪರವಾಗಿ ಟೀಚರ್ ಒಬ್ಬರು ಇರಬೇಕು ಎಂದದ್ದರಿಂದ ನಾನು ಗೋಡೆಗೆ ಆತು ನಿಂತಿದ್ದೆ. ಸಾಹೇಬರು ರುಚಿ ನೋಡುವ ಪುಸ್ತಕ ತೆಗೆದು ಮೊದಲು ರಮಾನಾಥ ಮಾಸ್ತರರನ್ನು ಕೇಳಿದರು. ಮಾಸ್ತರರು ಚೊಕ್ಕ ಮರಾಠಿಯಲ್ಲಿ, ದಿನಾ ತಿನ್ನುತ್ತೇನೆ, ಆ ದಿನವೂ ಒಂದು ಚಮಚ ತಿಂದೆ, ರುಚಿ ಸರಿಯಾಗಿತ್ತು ಎಂದರು. ತಿಂದ ಮಾಸ್ತರರಿಗೆ ಏನೂ ಆಗಿಲ್ಲವಲ್ಲ, ಹಾಗಾದರೆ ಖಿಚಡಿಯದ್ದು ತಪ್ಪಿಲ್ಲವಲ್ಲ ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಹನುಮವ್ವ ಒಮ್ಮೆ ಮಾಸ್ತರರ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

ಸಾಹೇಬರು ಅವಳ ಸಹಿಯ ಮೇಲೆ ಬೆರಳಿಟ್ಟು ಹಿಂದಿಯಲ್ಲಿ, ನೀನೂ ರುಚಿ ನೋಡಿದೆ ಅಂತ ಇಲ್ಲಿ ಬರೆದಿದೆ, ಹೌದಾ ಎಂದರು. ಹನುಮವ್ವನ ಹಿಂದಿ ಸೈಟಿನಲ್ಲಿ ಕಲಿತದ್ದು. ಹಿಂದಿಯಲ್ಲಿ ಎಂಜಲಿಗೆ ಜೂಠಾ ಎನ್ನುತ್ತಾರೆ, ಸುಳ್ಳಿಗೆ ಝೂಠಾ ಎನ್ನುತ್ತಾರೆ. ಹಿಂದಿಯವರ ನಾಲಿಗೆಯಲ್ಲಿ ಇವೆರಡೂ ಬೇರೆ. ಹನುಮವ್ವನ ನಾಲಿಗೆಯಲ್ಲಿ, ನಮ್ಮ ಎಷ್ಟೋ ಜನರ ನಾಲಿಗೆಯಲ್ಲಿ, ಎರಡೂ ಒಂದೇ.

"ಸಹೀ ಮೇರಾ ಹೈ ಸಾಬ್," ಎಂದಳು. "ಲೇಕಿನ್ ಝೂಟಾ. ಝೂಟಾ ಹೋತಾ ಹೈ ಸಾಬ್."

ತಿಂದರೆ ಎಂಜಲಾಗುತ್ತದೆ ಎಂದು ಅವಳು ಹೇಳಿದ್ದು. ಸಹಿ ನನ್ನದೇ, ಆದರೆ ಸುಳ್ಳು ಎಂದು ಸಾಹೇಬರು ಕೇಳಿಸಿಕೊಂಡದ್ದು. ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವರನ್ನು ಅವರು ನೋಡಿರಲಿಲ್ಲವೋ ಏನೋ, ಸ್ವಲ್ಪ ತಬ್ಬಿಬ್ಬಾಗಿ, ಮತ್ತೊಮ್ಮೆ ಹೇಳು ಎಂದರು. ಅವಳು ಮತ್ತೊಮ್ಮೆ ಅದನ್ನೇ ಹೇಳಿದಳು, ಇನ್ನೂ ಬಿಡಿಸಿ, ಸಾಹೇಬರಿಗೆ ತಿಳಿಯಲಿ ಎಂದು. ಅವರು ಬರೆದುಕೊಳ್ಳತೊಡಗಿದರು. ರಮಾನಾಥ ಮಾಸ್ತರರಿಗೆ ಕನ್ನಡ ಬರುತ್ತದೆ, ಹಿಂದಿ ಬರುತ್ತದೆ, ಎಂಜಲು ಎಂದರೇನು ಎಂಬುದಂತೂ ಅವರಿಗಿಂತ ಚೆನ್ನಾಗಿ ಬಲ್ಲವರು ಆ ಶಾಲೆಯಲ್ಲಿ ಇಲ್ಲ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಸಾಹೇಬರೇ, ಅವಳು ಸುಳ್ಳು ಅಂತ ಹೇಳುತ್ತಿಲ್ಲ, ಎಂಜಲು ಅಂತ ಹೇಳುತ್ತಿದ್ದಾಳೆ ಎಂದು ಮುಂದೆ ಬಂದೆ. ಮಕ್ಕಳ ಅನ್ನವನ್ನು ಎಂಜಲು ಮಾಡಬಾರದು ಎಂಬುದು ಅವರ ನಂಬಿಕೆ, ಮಕ್ಕಳು ಅವರಿಗೆ ದೇವರ ಹಾಗೆ ಎಂದು ವಿವರಿಸಿದೆ. ಸಾಹೇಬರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಅವರಿಗೆ ಅರ್ಥವಾಯಿತು. ಅವರ ಮನೆಯಲ್ಲೂ ಅಜ್ಜಿ ಇದ್ದಿರಬೇಕು.

"ಟೀಚರ್," ಎಂದರು ಸಾವಕಾಶ. "ಜೂಠಾ ಯಾ ಝೂಠಾ, ಚಖಾ ಕ್ಯಾ?"

ಎಂಜಲೋ ಸುಳ್ಳೋ, ತಿಂದು ನೋಡಿದಳಾ ಇಲ್ಲವಾ. ಇಲ್ಲ ಎನ್ನಬೇಕಾಯಿತು. ಅವರು ಪೆನ್ನು ಎತ್ತಿಕೊಂಡರು.

ಹೊರಗೆ ಬಂದ ಮೇಲೆ ನಾನು ಹನುಮವ್ವನ ಮೇಲೆ ಹಾರಾಡಿದೆ. ಮಾಸ್ತರರೂ ತಿಂದಿಲ್ಲ ಅಂತ ಯಾಕೆ ಹೇಳಲಿಲ್ಲ ನೀನು ಎಂದೆ. "ಹುಡುಗ್ರಿಗಿ ಅಕ್ಷರ ಕಲಸೋ ಮನಷ್ಯಾರ್ರಿ," ಎಂದಳು. "ಅವರ ಮಾನ ಕಳದ್ರ ನಂದೇನ ಉಳಿತದ್ರಿ?" ಅಂಥ ಮನುಷ್ಯನ ಮಾನವನ್ನು ಇವಳು ಕಾಯುತ್ತಿದ್ದಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಹೆಡ್‌ಮಾಸ್ತರರು ತಿನ್ನುವುದಿಲ್ಲ ಎಂದು ನಾನೇ ಒಂದು ಅರ್ಜಿ ಬರೆದು ಕಚೇರಿಗೆ ಕೊಟ್ಟೆ. ಸಾಕ್ಷಿ ಏನು ಎಂದು ಕೇಳಿದರು. ತಿನ್ನದೆ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಮಾಸ್ತರರು ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅದೊಂದು ಲಾಭ.

ವಿಚಾರಣೆಯಾದ ವಾರವೇ ಗಟ್ಟಿನ ಊಟ ನಿಲ್ಲಿಸಿ ಅದರ ಹೆಸರನ್ನು ಕಪ್ಪುಪಟ್ಟಿಗೆ ಹಾಕಿದ್ದರು. ಪರೀಕ್ಷೆಯ ವರದಿ ಗಣಪತಿ ಹಬ್ಬದ ಮುಂಚೆ ಬಂತು. ಖಿಚಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಶಾಲೆಯ ನೆಲದ ಟ್ಯಾಂಕಿಗೆ ಮಳೆಯಲ್ಲಿ ಗಟಾರದ ನೀರು ಸೇರಿತ್ತು, ಮಕ್ಕಳು ಕುಡಿದದ್ದು ಅದನ್ನೇ. ನಾನು ವಸ್ತಿಗೆ ಓಡಿದೆ. ಹನುಮವ್ವ ಕೇಳಿ ಎರಡೂ ಕೈ ಮುಗಿದು ಗೋಡೆಯ ದೇವರ ಪಟದ ಕಡೆ ತಿರುಗಿದಳು. ನಾಗರತ್ನಾ ಬಂದು ಅವಳ ಕಾಲ ಬಳಿ ಕೂತು ಅತ್ತಳು. ಯಕ್ಷಿತಾ ಓಡಾಡುತ್ತಿತ್ತು. ಇನ್ನು ಕಾಂಟ್ರ್ಯಾಕ್ಟ್ ವಾಪಸು ಬರುತ್ತದೆ ಎಂದು ನಾವೆಲ್ಲ ನಂಬಿದೆವು. ಚಹಾ ಮಾಡಿ ಕುಡಿದೆವು.

ಬರಲಿಲ್ಲ. ಸ್ನೇಹಲ್ ಕಚೇರಿಗೆ ಹೋಗಿ ಕೇಳಿಕೊಂಡು ಬಂದಳು. ಶರಣು ಗಟ್ಟಿನ ಹೆಸರನ್ನು ಕಪ್ಪುಪಟ್ಟಿಗೆ ಹಾಕಿದ್ದು ಊಟ ಕೆಟ್ಟಿತ್ತು ಎಂದಲ್ಲವಂತೆ, ಸುಳ್ಳು ಸಹಿ ಹಾಕಿದ್ದಕ್ಕಂತೆ. ಊಟ ಕೆಡದೆ ಇದ್ದರೂ ಸಹಿ ಸುಳ್ಳೇ ತಾನೇ? ಮೂರು ವರ್ಷ ಆ ಗಟ್ಟು ಯಾವ ಟೆಂಡರನ್ನೂ ತುಂಬುವ ಹಾಗಿಲ್ಲ. ಟ್ಯಾಂಕಿನ ಮುಚ್ಚಳ ಹಾಕಿಸದ ಶಾಲೆಗೆ ಏನು ಶಿಕ್ಷೆ ಎಂದು ಸ್ನೇಹಲ್ ಕೇಳಿದಳಂತೆ. ಹೊಸ ಮುಚ್ಚಳ ಮಂಜೂರಾಗಿದೆ ಎಂದರಂತೆ.

ಉಪಾಯ ತಂದವಳೂ ಸ್ನೇಹಲ್ಲೇ. ಹಳೆಯ ಗಟ್ಟು ಮುಚ್ಚಿ ಹೊಸ ಹೆಸರಿನಲ್ಲಿ ಇನ್ನೊಂದು ಗಟ್ಟು ಮಾಡುವುದು, ನಾಗರತ್ನಾ ಅಧ್ಯಕ್ಷೆ. ಉಳಿದವರೆಲ್ಲ ಇರಬಹುದು. ಸಹಿ ಹಾಕಿದ ಹನುಮವ್ವ ಮಾತ್ರ ಇರುವಂತಿಲ್ಲ. ಅವಳ ಹೆಸರು ಎಲ್ಲಿ ಬಂದರೂ ಕಪ್ಪುಪಟ್ಟಿ ಹಿಂದೆಯೇ ಬರುತ್ತದೆ. ಇದನ್ನು ಹೇಳಲು ಹೆಂಗಸರೆಲ್ಲ ಒಂದು ಸಂಜೆ ಅವಳ ಖೋಲಿಗೆ ಬಂದರು. ನನ್ನನ್ನೂ ಕರೆದಿದ್ದರು, ನಾನು ಹೇಳುತ್ತೇನೆ ಎಂಬ ಆಸೆಯಿಂದ. ನಾನು ಹೇಳುವುದಿಲ್ಲ ಎಂದು ಬಾಗಿಲಲ್ಲೇ ನಿಂತೆ. ಬಂದವರು ಮಳೆಯ ಬಗ್ಗೆ ಮಾತಾಡಿದರು, ರೇಷನ್ನಿನ ಬಗ್ಗೆ ಮಾತಾಡಿದರು. 

ಹನುಮವ್ವನೇ ಮಾತು ತೆಗೆದಳು. "ನನ್ನ ಹೆಸರ ತಗದ ಬಿಡ್ರಿ," ಎಂದಳು. "ನಾ ಇದ್ರ ಯಾರಿಗೂ ಬರಂಗಿಲ್ಲ. ತಗದ್ರ ನಿಮಗರ ಬರ್ತದ."

ಯಾರೂ ಬೇಡ ಎನ್ನಲಿಲ್ಲ. ಒಬ್ಬಳಾದರೂ ಬಾಯಿ ಮಾತಿಗೆ ಬೇಡ ಎನ್ನುತ್ತಾಳೆ ಎಂದು ನಾನು ಕಾದೆ, ಹನುಮವ್ವನೂ ಕಾದಳು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವರನ್ನು ಬೈಯುವ ಹಾಗೂ ಇಲ್ಲ. ಒಬ್ಬಳ ಗಂಡ ಹಾಸಿಗೆ ಹಿಡಿದಿದ್ದ, ಇನ್ನೊಬ್ಬಳದ್ದು ಖೋಲಿಯ ಬಾಡಿಗೆ ನಿಂತಿತ್ತು. ಸ್ನೇಹಲ್ ತಂದ ಕಾಗದದಲ್ಲಿ ಹನುಮವ್ವ ರಾಜೀನಾಮೆಯ ಸಹಿ ಹಾಕಿದಳು. ಎಲ್ಲರೂ ಒಟ್ಟಿಗೆ ಎದ್ದು ಹೋದರು. ಅಡಿಗೆಮನೆಯ ಕೀಲಿಯನ್ನು ನಾಗರತ್ನಾ ತೆಗೆದುಕೊಂಡಳು.

ಹೊಸ ಗಟ್ಟು ಟೆಂಡರ್ ತುಂಬಿತು. ಲಕೋಟೆ ತೆರೆದ ದಿನವೇ ಅವರ ಅರ್ಜಿ ಬಿದ್ದುಹೋಯಿತು. ಊಟ ಕೊಟ್ಟ ಅನುಭವ ಕನಿಷ್ಠ ಇಷ್ಟು ವರ್ಷ ಇರಬೇಕು ಎಂದು ನಿಯಮ ಇತ್ತು. ಈ ಗಟ್ಟು ಹುಟ್ಟಿದ್ದು ಆ ತಿಂಗಳು. ನಾವೇ ರೀ ಅಷ್ಟು ವರ್ಷ ಬೇಯಿಸಿದ್ದು ಎಂದು ನಾಗರತ್ನಾ ಕೌಂಟರಿನಲ್ಲಿ ಜಗಳ ತೆಗೆದಳಂತೆ. ಅದು ಶರಣು ಗಟ್ಟಿನ ಅನುಭವ, ನಿಮಗೂ ಅದಕ್ಕೂ ಸಂಬಂಧ ಇದೆ ಎಂದರೆ ಕಪ್ಪುಪಟ್ಟಿಗೂ ಸಂಬಂಧ ಬರುತ್ತದೆ, ಬರೆದುಕೊಳ್ಳಲಾ ಎಂದು ಒಳಗಿನವರು ಕೇಳಿದರು. ನಾಗರತ್ನಾ ಬೇಡ ಎಂದು ವಾಪಸು ಬಂದಳು. ಅಡಿಗೆಮನೆಯ ಖೋಲಿಗಳನ್ನು ಮಾಲೀಕ ಒಬ್ಬ ಗ್ಯಾಸ್ ರಿಪೇರಿಯವನಿಗೆ ಕೊಟ್ಟ. ಹೆಂಗಸರು ಬಿಲ್ಡಿಂಗುಗಳಲ್ಲಿ ಕಸಮುಸುರೆಗೆ ಚದುರಿದರು.

ಊಟ ಈಗ ಕಂಪನಿಯ ವ್ಯಾನಿನಲ್ಲಿ ಬರುತ್ತದೆ. ಮುಚ್ಚಿದ ಸ್ಟೀಲಿನ ಡಬ್ಬಿಗಳು, ತಲೆಗೆ ಟೊಪ್ಪಿಗೆ ಹಾಕಿದ ಹುಡುಗರು. ಅಡಿಗೆಯವರು ಯಾರು, ಯಾವ ಊರಿನವರು, ಯಾವ ಜಾತಿಯವರು ಎಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ರಮಾನಾಥ ಮಾಸ್ತರರು ಈಗ ದಿನಾ ರುಚಿ ನೋಡುತ್ತಾರೆ, ತಟ್ಟೆ ತುಂಬ.

ಸಾಯಬಣ್ಣನಿಗೆ ಮುಲುಂಡಿನಲ್ಲಿ ಕೆಲಸ ಸಿಕ್ಕಿತು. ವಸ್ತಿಯ ಖೋಲಿ ಬಿಟ್ಟು ಇಬ್ಬರೂ ಮತ್ತೆ ಸೈಟಿನ ಶೆಡ್ಡಿಗೆ ಹೋದರು. ದೀಪಾವಳಿ ರಜೆಯಲ್ಲಿ ನಾನು ಬಸ್ಸು ಹಿಡಿದು ಹೋದೆ. ಹೌಸಿಂಗ್ ಸೊಸೈಟಿಗಳ ಸಾಲು ದಾಟಿದ ಮೇಲೆ ಒಂದು ಅರ್ಧ ಎದ್ದ ಬಿಲ್ಡಿಂಗು, ಅದರ ಬುಡದಲ್ಲಿ ತಗಡಿನ ಶೆಡ್ಡುಗಳು. ಹನುಮವ್ವ ಒಲೆಯ ಮುಂದೆ ಗ್ಯಾಂಗಿಗೆ ರೊಟ್ಟಿ ಬಡಿಯುತ್ತಿದ್ದಳು. ಇಪ್ಪತ್ತು ವರ್ಷದ ಹಿಂದೆ ಮಾಡುತ್ತಿದ್ದ ಕೆಲಸವೇ. ನನ್ನನ್ನು ನೋಡಿ ಸೆರಗಿನಿಂದ ಒಂದು ಇಟ್ಟಿಗೆ ಒರೆಸಿ ಕೂರಿಸಿದಳು.

ಟೆಂಡರಿನ ಕಥೆ ಅವಳಿಗೆ ಇನ್ನೂ ಗೊತ್ತಿರಲಿಲ್ಲ. ವಸ್ತಿಯಿಂದ ಯಾರೂ ಫೋನು ಮಾಡಿರಲಿಲ್ಲ, ನಾಚಿಕೆಯಿಂದಲೋ ಏನೋ. ನಾನೇ ಹೇಳಬೇಕಾಯಿತು. ಅನುಭವ ಇಲ್ಲ ಎಂದು ಹೊಸ ಗಟ್ಟನ್ನು ತಳ್ಳಿದ್ದು, ಹೆಂಗಸರು ಚದುರಿದ್ದು, ವ್ಯಾನು ಬರುವುದು, ಎಲ್ಲ ಹೇಳಿದೆ. ಅವಳು ರೊಟ್ಟಿ ತಿರುವಿ ಹಾಕುತ್ತಲೇ ಕೇಳಿದಳು.

"ಹಂಗಾದ್ರ ನನ್ನ ಹೆಸರ ಸುಳ್ಳೇ ತಗಸಿದ್ರಲ್ರಿ," ಎಂದಳು.

ಅವರ ಕಡೆ ಸುಳ್ಳೇ ಎಂದರೆ ಸುಮ್ಮನೆ, ವ್ಯರ್ಥವಾಗಿ ಎಂದು. ನಾನು ಹೌದು ಎಂದೆ. ಆ ನಾಗರತ್ನಾಳನ್ನು, ಸ್ನೇಹಲಳನ್ನು, ಮಾಸ್ತರರನ್ನು ಅವಳು ಒಂದು ಸಲವಾದರೂ ಬೈಯಲಿ ಎಂದು ನನ್ನ ಮನಸ್ಸು ಬಯಸುತ್ತಿತ್ತು. ನಾನೇ ಶುರು ಮಾಡಿದರೆ ಜೊತೆಗೂಡಿಯಾಳು ಎಂದು ಮಾಸ್ತರರು ತಟ್ಟೆಗಟ್ಟಲೆ ತಿನ್ನುವುದನ್ನು ಬಣ್ಣಿಸಿದೆ. ಅವಳು ನಗಲೂ ಇಲ್ಲ. ಹಂಚಿನ ಮೇಲಿನ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿ, ಯಕ್ಷಿತಾ ಹ್ಯಾಂಗ ಅದಾಳ ಎಂದು ಕೇಳಿದಳು. ಚೆನ್ನಾಗಿದ್ದಾಳೆ, ಎತ್ತರ ಬೆಳೆದಿದ್ದಾಳೆ ಎಂದೆ.

"ಹುಡುಗ್ರು ಉಣತಾವಿಲ್ರಿ ಟೀಚರ?" ಎಂದಳು ಆಮೇಲೆ.

ಕಂಪನಿಯ ಊಟದಲ್ಲಿ ಹುಡುಕಿದರೂ ತಪ್ಪು ಸಿಗುವುದಿಲ್ಲ. ಮಕ್ಕಳು ಹನುಮವ್ವನ ಖಿಚಡಿ ಕೇಳಿದ್ದು ಮೊದಲ ವಾರ ಮಾತ್ರ. ನಿನ್ನ ಖಿಚಡಿಯನ್ನೇ ಕೇಳುತ್ತವೆ ಎನ್ನಬಹುದಿತ್ತು, ಆದರೆ ಅವಳ ಮುಂದೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಉಣ್ತಾರೆ ಹನುಮವ್ವ," ಎಂದೆ. "ಹೊಟ್ಟೆ ತುಂಬ ಉಣ್ತಾರೆ."

ಚಲೋ ಆತ್ರಿ ಎಂದಳು, ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು. ಅದನ್ನು ಬಡಿಯಲು ಎತ್ತಿದ ಕೈ ಹಾಗೇ ನಿಂತಿತು. ಹಿಟ್ಟು ಮೆತ್ತಿದ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು. ಗ್ಯಾಂಗಿನವರು ಒಬ್ಬೊಬ್ಬರೇ ಕೈ ತೊಳೆದು ಊಟಕ್ಕೆ ಬರುತ್ತಿದ್ದರು. ನಾನು ಬುಟ್ಟಿ ಎತ್ತಿಕೊಂಡು ಅವರಿಗೆ ರೊಟ್ಟಿ ಹಾಕಿದೆ.